ಮುಂದಿನ ಜೋಡಿ ಬರುವ ತನಕ

ಆ ದಿನ ಬೀದರಿನಲ್ಲಿ ಇನ್ನೂ ಏನೂ ಆಗಿರಲಿಲ್ಲ. ಹೆದರಿಕೆ ಇತ್ತು, ಆದರೆ ಅದು ಬೇಸಿಗೆಯಿಂದಲೂ ಇತ್ತು. ನಿಜಾಮರ ಪರ ಆಯುಧ ಹಿಡಿದ ರಜಾಕಾರರ ಕಾಲ. ಹಳ್ಳಿಗಳ ಜನ ಗಂಟು ಕಟ್ಟಿಕೊಂಡು ನಿಜಾಮರ ಗಡಿ ದಾಟಿ ಹೋಗುತ್ತಿದ್ದರು, ಹೋಗಲಾಗದವರು ಹಗಲೂ ಬಾಗಿಲು ಹಾಕಿಕೊಂಡಿರುತ್ತಿದ್ದರು. ಆದರೂ ಒಲೆ ಹೊತ್ತುತ್ತಿತ್ತು, ಹೆರಿಗೆಗಳಾಗುತ್ತಿದ್ದವು, ನಾನು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಕುದಿಸಿದ ಪಟ್ಟಿಬಟ್ಟೆಗಳನ್ನು ಹಗ್ಗದ ಮೇಲೆ ಹರವುತ್ತಿದ್ದೆ. ಎದುರಿನ ತಗಡಿನ ಶೆಡ್ಡಿನಲ್ಲಿ ನಮ್ಮ ಆಸ್ಪತ್ರೆಯ ಮೋಟಾರು ಗಾಡಿ ಹಿಂದಿನ ಗಾಲಿಗಳಿಲ್ಲದೆ ಕಲ್ಲುಗಳ ಮೇಲೆ ಕುಳಿತಿತ್ತು. ಅದರ ಕೆಳಗಿನಿಂದ ನಾಲ್ಕು ಕಾಲುಗಳು ಹೊರಗೆ ಚಾಚಿದ್ದವು. ಎರಡು ಅದನ್ನು ಓಡಿಸಿ ರಿಪೇರಿ ಮಾಡುವ ಮಿಸ್ತ್ರಿಯವು, ಎರಡು ಅವರ ತಮ್ಮನವು. ಕಾಲುಗಳು ಸುಮ್ಮನಿದ್ದವು, ಬಾಯಿಗಳು ಜಗಳಾಡುತ್ತಿದ್ದವು.

"ಹಲ್ಲಿನ ತುದಿಗಿ ಬಿದ್ದದ ಭಾಯಿ, ನಡುಕ್ಕ ಬಿದ್ದಿಲ್ಲ."

"ನಡುಕ್ಕೇ ಬಿದ್ದದ. ನಿನ್ನ ಕಣ್ಣಿಗಿ ಏನಾಗ್ಯದ?"

"ನನ್ನ ಕಣ್ಣು ಬರೋಬರ್ ಅದ. ನಿಮಗ ವಯಸ್ಸಾಗ್ಯದ."

"ವಯಸ್ಸು? ನನ್ನ ಮೀಸಿ ನೋಡು, ಒಂದರೇ ಬೆಳ್ಳಗಾಗ್ಯದೇನು?"

"ಅದಕ್ಕ ಗ್ರೀಸು ಹಚ್ಚೀರಿ. ಹ್ಯಾಂಗ ಕಾಣ್ತದ?"

ಮಿಸ್ತ್ರಿ ಗಾಡಿಯ ಕೆಳಗಿನಿಂದ ತಲೆ ಹೊರಹಾಕಿ ನನ್ನನ್ನು ಕೂಗಿದರು. "ನರ್ಸ್‌ಬಾಯೋರೆ, ಬರ್ರಿ ಇಲ್ಲಿ. ನೀವು ದಿನಾ ದೇವರ ಗ್ರಂಥ ಓದೋರು, ಸುಳ್ಳು ಹೇಳಂಗಿಲ್ಲ. ಇದು ಎಲ್ಲಿ ಬಿದ್ದದ ಹೇಳ್ರಿ."

ನಾನು ಬಗ್ಗಿ ನೋಡಿದೆ. ಹಿಂದಿನ ಅಚ್ಚಿನ ನಡುವೆ ಕಬ್ಬಿಣದ ದೊಡ್ಡ ಗುಂಡೊಂದು ಇರುತ್ತದಲ್ಲ, ಅದರ ಮುಚ್ಚಳ ತೆಗೆದಿದ್ದರು. ಒಳಗೆ ಎರಡು ಹಲ್ಲಿನ ಚಕ್ರಗಳು. ದೊಡ್ಡದಕ್ಕೆ ಕ್ರೌನ್ ಎನ್ನುತ್ತಾರೆ, ಅದನ್ನು ತಿರುಗಿಸುವ ಚಿಕ್ಕದಕ್ಕೆ ಪಿನಿಯನ್. ಕ್ರೌನಿನ ಹಲ್ಲುಗಳಿಗೆ ಕೇಸರಿ ಬಣ್ಣದ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಬಳಿದಿದ್ದರು. ಹನುಮಂತನ ಮೂರ್ತಿಗೆ ಬಳಿಯುವ ಅದೇ ಸಿಂಧೂರ. ಚಕ್ರ ತಿರುಗಿಸಿದಾಗ ಹಲ್ಲಿಗೆ ಹಲ್ಲು ಎಲ್ಲಿ ಒತ್ತುತ್ತದೋ ಅಲ್ಲಿ ಬಣ್ಣ ಸರಿದು ಉಕ್ಕು ಹೊಳೆಯುತ್ತದೆ. ಆ ಹೊಳಪು ಹಲ್ಲಿನ ನಡುವೆ ಇರಬೇಕು. ನನಗೆ ಅದು ಸ್ವಲ್ಪ ಅಂಚಿಗೆ ಸರಿದಂತೆ ಕಂಡಿತು. ಹಾಗೆಂದು ಹೇಳಿದೆ.

"ಇವ್ರೂ ನಿನ್ನ ಕಡಿ ಆದ್ರು," ಎಂದರು ಮಿಸ್ತ್ರಿ ತಮ್ಮನಿಗೆ. ಆಮೇಲೆ ಎಲ್ಲ ಬಿಚ್ಚಿ, ಪಿನಿಯನ್ನಿನ ಹಿಂದೆ ಕಾಗದದಷ್ಟು ತೆಳ್ಳನೆಯ ತಗಡಿನ ಬಿಲ್ಲೆಯೊಂದನ್ನು ಸೇರಿಸಿ, ಮತ್ತೆ ಕೂಡಿಸಿ, ಮತ್ತೆ ಸಿಂಧೂರ ಬಳಿದು ತಿರುಗಿಸಿದರು. ಈ ಸಲ ನಡುವೆ ಬಿತ್ತು. ಮಿಸ್ತ್ರಿ ತಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿದರು.

ಮಧ್ಯಾಹ್ನ ಆ ತಮ್ಮ, ಬೂದಿ ಮತ್ತು ಸೀಮೆಎಣ್ಣೆಯಿಂದ ಕೈ ಉಜ್ಜಿ ತೊಳೆದು, ಒಗೆದ ಅಂಗಿ ಹಾಕಿಕೊಂಡು ಭಾಲ್ಕಿಯ ರೈಲಿಗೆ ಹೊರಟ. ಅಲ್ಲಿ ಲಾರಿಯವನೊಬ್ಬನ ಹತ್ತಿರ ಇಂಥದೇ ಕ್ರೌನ್ ಪಿನಿಯನ್ನಿನ ಇನ್ನೊಂದು ಜೋಡಿ ಇತ್ತು. ಅದು ಮುಂದಿನ ಅಚ್ಚಿಗೆ.

"ಎರಡೂ ಕೂಡಿ ಕಟ್ಟು. ಬ್ಯಾರೆ ಬ್ಯಾರೆ ಚೀಲದಾಗ ಹಾಕಿ ಒಂದು ಮರ್ತು ಬರಬ್ಯಾಡ."

"ನಿಮ್ಮ ಬೀಡಿಕಟ್ಟು ನಾನೇ ದಿನಾ ಹುಡುಕಿ ಕೊಡ್ತೇನಿ ಭಾಯಿ. ನನಗ ಹೇಳ್ತೀರಿ?"

ಬುತ್ತಿ ತಂದು ಶೆಡ್ಡಿನ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ತಾಯಿಗೆ, "ಅಮ್ಮೀ, ನಾಳಿ ಸಂಜಿಗಿ ಬರ್ತೇನಿ," ಎಂದು ಹೇಳಿ ಹೋದ. ಮರುದಿನ ಬೆಳಿಗ್ಗೆ ಹಿಂದುಸ್ತಾನದ ಫೌಜು ಗಡಿ ದಾಟಿತೆಂಬ ಸುದ್ದಿ ಬಂತು. ರೈಲು ನಿಂತಿತು.

ಮಿಸ್ತ್ರಿ ಹೋದ ತಿಂಗಳು ತೀರಿಕೊಂಡರು. ನಾನು ಬಹಳ ಕಲಿತವಳಲ್ಲ. ಮಿಷನ್ ಸಾಲೆಯಲ್ಲಿ ಓದಿ ನರ್ಸಿನ ಕೆಲಸ ಕಲಿತೆ, ಅಷ್ಟೆ. ಅವರ ಬಗ್ಗೆ ಬರೆಯಬೇಕೆಂದು ಕುಳಿತರೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಗಾಡಿಯ ಕೆಳಗಿನ ಆ ನಾಲ್ಕು ಕಾಲುಗಳು.

ಗಾಡಿಯ ಸಂಗತಿ ಹೇಳದೆ ಅವರ ಸಂಗತಿ ಹೇಳಲಾಗದು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಮುಂದೆ ಇಬ್ಬರು ಮೂವರು ಕೂರಬಹುದು, ಹಿಂದೆ ತೆರೆದ ತೊಟ್ಟಿ. ತೊಟ್ಟಿಯಲ್ಲಿ ರೋಗಿಯನ್ನು ಮಂಚ ಸಮೇತ ಮಲಗಿಸಬಹುದಿತ್ತು. ಎಲ್ಲ ಗಾಡಿಗಳಿಗೂ ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಮಾತ್ರ ಹೋದರೆ, ಇದಕ್ಕೆ ಇನ್ನೊಂದು ಲಿವರ್ ಇತ್ತು. ಅದನ್ನು ಎಳೆದರೆ ಮುಂದಿನ ಗಾಲಿಗಳೂ ದುಡಿಯುತ್ತಿದ್ದವು. ಬೀದರಿನ ಕೆಂಪು ಮಣ್ಣಿನ ಮೇಲೆ ಅದರ ಅಗತ್ಯವಿಲ್ಲ. ಆದರೆ ಜನವಾಡದ ಕಡೆ ಇಳಿದು ಮಾಂಜ್ರಾ ದಾಟಿದರೆ ಔರಾದದವರೆಗೂ ಕರಿ ಮಣ್ಣು. ಮಳೆಗಾಲದಲ್ಲಿ ಅದರಲ್ಲಿ ಎಮ್ಮೆಯೂ ನಿಂತು ಯೋಚಿಸುತ್ತದೆ. ನಮ್ಮ ಗಾಡಿ ನಾಲ್ಕೂ ಗಾಲಿ ತಿರುಗಿಸಿಕೊಂಡು ಹೋಗಿ ಬರುತ್ತಿತ್ತು.

ಗಾಡಿಯ ಮೂಲ ಟಾಯರುಗಳು ಸವೆದು ಹೋದವು. ಆ ಅಳತೆಯವು ಎಲ್ಲೂ ಸಿಗಲಿಲ್ಲ. ಸಿಕ್ಕಿದ ಲಾರಿಯ ದೊಡ್ಡ ಟಾಯರುಗಳನ್ನು ಹಾಕಿಸಿದರು. ಆಗಿನಿಂದ ಗಾಡಿ ಏರಿನಲ್ಲಿ ಏದುಸಿರು ಬಿಡತೊಡಗಿತು, ಕೆಸರಿನಲ್ಲಿ ನೀರು ಕುದಿಸಿಕೊಂಡು ನಿಂತುಬಿಡುತ್ತಿತ್ತು. ಯಾಕೆ ಎಂದು ಡಾಕ್ಟರಮ್ಮ ಕೇಳಿದರು. ಅವರು ದೂರದ ಊರಿನಿಂದ ಬಂದು ನಮ್ಮ ಆಸ್ಪತ್ರೆ ನಡೆಸುತ್ತಿದ್ದವರು, ಕನ್ನಡ ಚೆನ್ನಾಗಿ ಕಲಿತಿದ್ದರು.

"ಕಾಲು ಉದ್ದ ಆದ್ವು ಡಾಕ್ಟರಮ್ಮಾರೆ. ಹೆಜ್ಜಿ ದೊಡ್ಡದಾಯ್ತು. ಉಸುರು ಮಾತ್ರ ಅಷ್ಟೇ ಅದ. ಸಾಲ್ತಿಲ್ಲ," ಎಂದರು ಮಿಸ್ತ್ರಿ.

"ಅದಕ್ಕೆ ಏನು ಮಾಡಬೇಕು?"

"ಒಳಗಿನ ಜೋಡಿ ಬದಲಿ ಮಾಡಬೇಕು. ಈಗ ಪಿನಿಯನ್ ನಾಕು ಸುತ್ತು ಚಿಲ್ಲರೆ ತಿರುಗಿದ್ರ ಗಾಲಿ ಒಂದು ಸುತ್ತು. ಅದು ಐದು ಸುತ್ತಿನ ಮ್ಯಾಲ ಆಗಬೇಕು. ಗಾಡಿ ಜರಾ ಸಾವಕಾಶ ಓಡ್ತದ, ಖರೆ ತಾಕತ್ತು ಬರ್ತದ."

"ಹಿಂದಿನದು ಮಾತ್ರ ಮಾಡಿದರೆ ಸಾಕಲ್ಲ?"

"ನಿಮ್ಮ ಒಂದು ಕಾಲು ಓಡ್ಲಕ್ಕ, ಇನ್ನೊಂದು ಕಾಲು ನಡೀಲಕ್ಕ ಹತ್ತಿದ್ರ ಏನಾಗ್ತದ?"

"ಬೀಳುತ್ತೇನೆ."

"ಗಾಡಿ ಬೀಳಂಗಿಲ್ರಿ. ಎರಡೂ ಕಡಿ ಬಲ ಹಂಚೋ ನಡುವಿನ ಡಬ್ಬಿ ಒಡೀತದ. ಮುಂದ ಹಿಂದ ಎರಡೂ ಒಂದೇ ಲೆಕ್ಕ ಇರಬೇಕು."

ಇಷ್ಟು ಸರಿಯಾಗಿ ತಿಳಿದಿದ್ದವರು ಮಾಡಿದ ತಪ್ಪು ಯಾವುದೆಂದರೆ, ಹೈದರಾಬಾದಿನಿಂದ ಒಂದು ಜೋಡಿ ಬಂದ ಕೂಡಲೇ ಹಿಂದಿನ ಅಚ್ಚು ಬಿಚ್ಚಿದ್ದು. ಎರಡನೆಯದು ಭಾಲ್ಕಿಯಲ್ಲಿ ಇದೆಯೆಂದು ಗೊತ್ತಿತ್ತು, ಎಂದಾದರೂ ತರಬಹುದಿತ್ತು. ಆದರೆ ಹೊಸ ಸಾಮಾನು ಕೈಗೆ ಬಂದರೆ ಅವರಿಗೆ ತಡೆಯುತ್ತಿರಲಿಲ್ಲ. ಹಬ್ಬದ ಅಂಗಿ ಹಬ್ಬದ ಮೊದಲೇ ಹಾಕಿಕೊಳ್ಳುವ ಸ್ವಭಾವ. ಹಿಂದಿನದು ಬದಲಾಯಿತು, ಮುಂದಿನದು ಹಳೆಯದೇ ಉಳಿಯಿತು. ಗಾಡಿ ಅರ್ಧಕ್ಕೆ ನಿಂತಿತು. ಅದಕ್ಕೇ ಆ ತಮ್ಮ ಅಷ್ಟು ಅವಸರದಲ್ಲಿ ಹೊರಟದ್ದು.

ಆ ದಿನಗಳನ್ನು ಈಗಿನವರು ಪೊಲೀಸ್ ಆಕ್ಷನ್ ಎನ್ನುತ್ತಾರೆ. ನಮ್ಮ ಕಡೆಯವರು ಬಹಳ ವರ್ಷ 'ಗಡಬಡಿ' ಎಂದೇ ಹೇಳುತ್ತಿದ್ದರು. ಗಡಬಡಿಗೆ ಮೊದಲು, ಗಡಬಡಿಯಾದ ಮೇಲೆ. ಫೌಜು ಬಂದದ್ದು, ನಿಜಾಮರು ಶರಣಾದದ್ದು ಬೇಗ ಮುಗಿಯಿತು. ಅದರ ನಂತರ ಹಳ್ಳಿಗಳಲ್ಲಿ ಆದದ್ದು ಬೇಗ ಮುಗಿಯಲಿಲ್ಲ. ಮೊದಲು ಒಂದು ಕಡೆಯವರು ಸತ್ತಿದ್ದರು, ಆಮೇಲೆ ಇನ್ನೊಂದು ಕಡೆಯವರು ಸತ್ತರು. ರಜಾಕಾರರ ಮುಖವನ್ನೇ ನೋಡದ ಬಡವರು, ಹೆಸರಿನ ಕಾರಣಕ್ಕೆ ಸತ್ತರು. ನಮ್ಮ ಆಸ್ಪತ್ರೆಯ ಮಂಚಗಳಲ್ಲಿ ಎರಡೂ ಕಡೆಯವರನ್ನು ಅಕ್ಕಪಕ್ಕ ಮಲಗಿಸಿದೆವು. ಅದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಡಾಕ್ಟರಮ್ಮ ಊರಂಚಿನ ಚಿದ್ರಿಯಿಂದ ಮಿಸ್ತ್ರಿಯ ಮನೆಯವರನ್ನು ಕರೆಸಿ ಆಸ್ಪತ್ರೆಯ ಆವರಣದಲ್ಲೇ ಇರಿಸಿದರು. ತಾಯಿ ಹಗಲೆಲ್ಲ ಗೇಟಿನ ಹತ್ತಿರ ಕುಳಿತಿರುತ್ತಿದ್ದರು. ಒಳಗೆ ಬರುವ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಭಾಲ್ಕಿ ರೈಲು ಶುರು ಆಯ್ತೇನ್ರಿ?"

ರೈಲು ಶುರುವಾಯಿತು. ಮೊದಲನೆಯ ರೈಲಿಗೇ ಮಿಸ್ತ್ರಿ ಹೋದರು. ಒಬ್ಬರೇ ಹೋಗುವುದು ಬೇಡವೆಂದು ಡಾಕ್ಟರಮ್ಮ ಔಷಧದ ಪೆಟ್ಟಿಗೆ ಕೊಟ್ಟು ನನ್ನನ್ನೂ ಕಳಿಸಿದರು. ಬಿಳಿ ಸೀರೆಯ ನರ್ಸು ಜೊತೆಗಿದ್ದರೆ ಯಾರೂ ತಡೆಯುವುದಿಲ್ಲವೆಂಬ ಲೆಕ್ಕ. ಭಾಲ್ಕಿಯ ಲಾರಿಯವರು ಒಳ್ಳೆಯ ಮನುಷ್ಯರು, ಲಿಂಗಾಯತರು. ನಮ್ಮನ್ನು ಕಂಡ ಕೂಡಲೇ ಎದ್ದು ನಿಂತರು.

"ನಿಮ್ಮ ತಮ್ಮ ಬಂದಿದ್ದನ್ರಿ. ಇಲ್ಲೇ ಉಂಡ, ಇಲ್ಲೇ ಮಲಗಿದ. ಮುಂಜಾನಿ ರೈಲು ಇಲ್ಲ ಅಂದ್ರು. ನಾ ಅಂದಿನಿ, ಇರೋ ತಮ್ಮಾ, ನಾಕು ದಿನ ಇಲ್ಲೇ ಇರು ಅಂತ. ಕೇಳ್ಲಿಲ್ಲ. ಗಾಡಿ ಬಿಚ್ಚಿ ಇಟ್ಟೀವಿ, ಆಸ್ಪತ್ರಿ ಕೆಲಸ ನಿಂತದ ಅಂದ. ಔರಾದ ಕಡಿ ಒಂದು ಬಂಡಿ ಹೊಂಟಿತ್ತು. ಅದ್ರಾಗ ಕುಂತು ಹೋದ. ಜನವಾಡದ ರಸ್ತಾಕ್ಕ ಹತ್ತಿದ್ರ ಅಲ್ಲಿಂದ ನಡಕೊಂತ ಹೋಗ್ತೇನಿ ಅಂದ."

"ಜೋಡಿ?"

"ಒಯ್ದನಲ್ರಿ. ಎರಡೂ ಕೂಡಿ ಗೋಣಿ ತಟ್ಟಿನಾಗ ಹೊಲದು ಕೊಟ್ಟಿನಿ."

"ಬಂಡಿ ಯಾರದ್ರಿ?"

ಅದು ಅವರಿಗೆ ಗೊತ್ತಿರಲಿಲ್ಲ. ಸಂತೆಗೆ ಬಂದ ಬಂಡಿ. ಆ ದಿನಗಳಲ್ಲಿ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ.

ಹಿಂದಿರುಗುವಾಗ ರೈಲಿನಲ್ಲಿ ಖಾನಾಪುರ ದಾಟಿದ ಮೇಲೆ ಮಿಸ್ತ್ರಿ ನನ್ನ ಕಡೆ ತಿರುಗಿ, "ವಜನ ಅದ ಬಾಯೋರೆ. ಕಬ್ಬಿಣ. ಹೊತ್ಕೊಂಡು ಲಗೂನ ಬರ್ಲಕ್ಕ ಆಗಂಗಿಲ್ಲ," ಎಂದರು. ನಾನು ಹೌದೆಂದೆ.

ಅವರು ಹೇಗಿದ್ದರೆಂದು ಹೇಳಬೇಕು. ಎತ್ತರದ ಆಳು, ಮೀಸೆಯ ಬಗ್ಗೆ ಬಹಳ ಜಂಬ. ಮನೆಯವರ ಜೊತೆ, ಗಾಡಿಯ ಜೊತೆ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು, ಉಳಿದವರ ಜೊತೆ ಕನ್ನಡದಲ್ಲಿ. ಸಿಟ್ಟು ಬಂದರೆ ಎರಡೂ ಕಲೆಸಿ ಹೋಗುತ್ತಿತ್ತು. ಗಾಡಿ ಕೆಟ್ಟರೆ ಅದನ್ನು ಸೊಸೆಯನ್ನು ಬೈದಂತೆ ಬೈಯುತ್ತಿದ್ದರು, ಬೇರೆಯವರು ಬೈದರೆ ಮಾತು ಬಿಡುತ್ತಿದ್ದರು. ಎಂಜಿನ್ ಓಡುತ್ತಿರುವಾಗ ಉದ್ದನೆಯ ಪೇಂಚುಕಸಿನ, ಅಂದರೆ ಸ್ಕ್ರೂಡ್ರೈವರಿನ, ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾಕ್ಟರಮ್ಮ ನಕ್ಕು, "ನನ್ನ ಕೆಲಸ ಕಲಿತಿದ್ದೀರಿ," ಎಂದರೆ, "ನಿಮ್ಮ ರೋಗಿ ನೋವು ಎಲ್ಲಿ ಅಂತ ಬಾಯಿ ಬಿಟ್ಟು ಹೇಳ್ತಾರ. ಈಕಿ ಹೇಳಂಗಿಲ್ಲ," ಎನ್ನುತ್ತಿದ್ದರು. ಕೇಳಿದ್ದು ಹಲವು ಸಲ ತಪ್ಪಾಗುತ್ತಿತ್ತು. ಆಗ ತಮ್ಮ ಬಂದು ಇನ್ನೊಂದು ಕಡೆ ತೋರಿಸುತ್ತಿದ್ದ. ಕೈ ಅಣ್ಣನದು, ಕಣ್ಣು ತಮ್ಮನದು ಎಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಿಸ್ತ್ರಿಗೂ ಗೊತ್ತಿತ್ತು. ಅವರು ಅದನ್ನು ಒಪ್ಪಿಕೊಂಡದ್ದು ಮಾತ್ರ ತಮ್ಮ ಇಲ್ಲದಾದ ಮೇಲೆ.

ಚಳಿಗಾಲ, ಬೇಸಿಗೆ ಹಾಗೇ ಕಳೆದವು. ಅವರು ಮುಂದಿನ ಗಾಲಿಗಳಿಗೆ ಬಲ ಒಯ್ಯುವ ಉದ್ದನೆಯ ಸರಳನ್ನು ಬಿಚ್ಚಿ ಶೆಡ್ಡಿನ ಗೋಡೆಗೆ ಒರಗಿಸಿದರು. ಗಾಡಿ ಹಿಂದಿನ ಎರಡು ಗಾಲಿಗಳ ಮೇಲೆ ಓಡಾಡಿತು. ಒಣ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ಕಮಠಾಣಕ್ಕೆ, ಜನವಾಡಕ್ಕೆ ಹೋಗಿ ಬರುತ್ತಿದ್ದೆವು. ಹಿಂದಿನ ಅಚ್ಚಿನಿಂದ ತೆಗೆದ ಹಳೆಯ ಜೋಡಿ ಶೆಡ್ಡಿನ ಮೂಲೆಯಲ್ಲೇ ಇತ್ತು. ಅದನ್ನು ತಿರುಗಿ ಹಾಕಿದ್ದರೆ ಮುಂದೆ ಹಿಂದೆ ಎರಡೂ ಮತ್ತೆ ಒಂದೇ ಲೆಕ್ಕವಾಗಿ, ಏದುಸಿರು ಬಿಟ್ಟರೂ ಗಾಡಿ ನಾಲ್ಕು ಗಾಲಿಯಲ್ಲಿ ನಡೆಯುತ್ತಿತ್ತು. ಅದು ಒಂದು ದಿನದ ಕೆಲಸ. ಡಾಕ್ಟರಮ್ಮ ಎರಡು ಮೂರು ಸಲ ಹೇಳಿದರು.

"ಮಳೆ ಬರುವ ಮೊದಲು ಹಳೆಯದನ್ನೇ ಹಾಕಿಬಿಡಿ ಮಿಸ್ತ್ರಿ."

"ಹಾಕ್ತೇನ್ರಿ. ಮುಂದಿಂದು ಬಂದ್ರ ಮತ್ತ ಬಿಚ್ಚಬೇಕಾಗ್ತದ. ಎರಡೆರಡು ಸಲ ಯಾಕ? ಇನ್ನ ಸ್ವಲ್ಪ ನೋಡಮು."

ಒಮ್ಮೆ ಬೋಲ್ಟು ಸವೆದಿದೆ ಎಂದರು, ಒಮ್ಮೆ ಎಣ್ಣೆ ಇಲ್ಲ ಎಂದರು. ಡಾಕ್ಟರಮ್ಮ ಅವರ ಮುಖ ನೋಡಿ ಮುಂದೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹಳೆಯ ಜೋಡಿಯನ್ನು ತಿರುಗಿ ಹಾಕುವುದೆಂದರೆ ಏನನ್ನು ಒಪ್ಪಿಕೊಂಡಂತೆ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಔರಾದದ ಆಚೆಯ ಹಳ್ಳಿಯೊಂದರಿಂದ ಕುರಿ ಸಾಕುವ ಮನೆತನದ ಒಬ್ಬಾತ ಕಂಬಳಿ ಹೊದ್ದು ಬಂದ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆ, ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಡಾಕ್ಟರಮ್ಮ, ನಾನು, ಮಿಸ್ತ್ರಿ ಹೊರಟೆವು. ಆತ ಹಿಂದಿನ ತೊಟ್ಟಿಯಲ್ಲಿ ನಿಂತುಕೊಂಡಿದ್ದ. ಮಾಂಜ್ರಾ ದಾಟಿದೆವು. ಅದರಾಚೆ ಸ್ವಲ್ಪ ದೂರದಲ್ಲಿ ಹಿಂದಿನ ಗಾಲಿಗಳು ಹೂತುಕೊಂಡವು. ತಿರುಗಿಸಿದಷ್ಟೂ ಕೆಳಗೆ ಇಳಿದವು. ಮುಂದಿನ ಗಾಲಿಗಳು ಏನೂ ಮಾಡದೆ ನೋಡುತ್ತ ನಿಂತಂತಿದ್ದವು.

"ಆ ಇನ್ನೊಂದು ಲಿವರ್ ಎಳೆಯಿರಿ," ಎಂದರು ಡಾಕ್ಟರಮ್ಮ, ಅವಸರದಲ್ಲಿ ಮರೆತು.

"ಎಳದ್ರ ಏನೂ ಆಗಂಗಿಲ್ರಿ. ಸರಳು ಮನ್ಯಾಗದ," ಎಂದರು ಮಿಸ್ತ್ರಿ.

ಜಾಲಿಯ ಕೊಂಬೆ ಹಾಕಿದೆವು, ಕಲ್ಲು ಹಾಕಿದೆವು. ಆತ ಹೊಲದಿಂದ ಎತ್ತುಗಳನ್ನು ತರಲು ಓಡಿದ. ಡಾಕ್ಟರಮ್ಮ ಮತ್ತು ನಾನು ಪೆಟ್ಟಿಗೆ ಹೊತ್ತುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಮುಂದೆ ಒಂದು ಬಂಡಿ ಸಿಕ್ಕಿತು. ನಾವು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ತಾಯಿ ಬದುಕಿದಳು. ಕೂಸು ಹುಟ್ಟುವ ಮೊದಲೇ ಹೋಗಿತ್ತು. ಇನ್ನೂ ಸ್ವಲ್ಪ ಬೇಗ ಬಂದಿದ್ದರೆ ಎಂಬ ಮಾತನ್ನು ಡಾಕ್ಟರಮ್ಮ ಯಾವತ್ತೂ ಆಡುವವರಲ್ಲ. ಆ ದಿನವೂ ಆಡಲಿಲ್ಲ.

ಎತ್ತುಗಳು ಗಾಡಿಯನ್ನು ಎಳೆದುಕೊಂಡು ಹಳ್ಳಿಯವರೆಗೆ ತಂದಿದ್ದವು. ಮಿಸ್ತ್ರಿ ಮೊಣಕಾಲಿನವರೆಗೆ ಕೆಸರಾಗಿ ಅಂಗಳದಲ್ಲಿ ನಿಂತಿದ್ದರು. ಆ ಗಂಡ ಬಂದು ಅವರ ಮುಂದೆ ಕುಳಿತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

"ಹ್ವಾದ ವರ್ಷ ನಮ್ಮ ಅಣ್ಣನ ಹೇಣ್ತಿಗಿ ಒಯ್ಲಿಕ್ಕಿ ಇದೇ ಗಾಡಿ ಬಂದಿತ್ತಲ್ರಿ? ಇದೇ ಕೆಸರು ಇತ್ತು. ಬುಸುಗುಟ್ಟಿಕೋತ ಬಂತು, ಖರೆ ಬಂತು. ಈ ವರ್ಷ ಏನಾಯ್ತ್ರಿ?"

ಮಿಸ್ತ್ರಿ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ನಾನು ವಾರ್ಡಿಗೆ ಬರುವಾಗ ಗಾಡಿ ಕಲ್ಲುಗಳ ಮೇಲೆ ಏರಿತ್ತು. ಯಾರೂ ಹೇಳಿರಲಿಲ್ಲ. ಕೆಳಗಿನಿಂದ ಎರಡೇ ಕಾಲುಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಮಿಸ್ತ್ರಿ ಎದ್ದು ನನ್ನ ಹತ್ತಿರ ಬಂದು, ಮುಖ ಬೇರೆ ಕಡೆ ತಿರುಗಿಸಿ, "ಬಾಯೋರೆ, ಜರಾ ಸಿಂಧೂರ ತರ್ತೀರೇನು?" ಎಂದು ಕೇಳಿದರು. ಮೊದಲೆಲ್ಲ ತಾವೇ ಊರ ನಡುವಿನ ಚೌಬಾರ ಗೋಪುರದ ಹತ್ತಿರದ ಅಂಗಡಿಗೆ ಹೋಗಿ ಹರಟೆ ಹೊಡೆದು ತರುತ್ತಿದ್ದರು. ಗಡಬಡಿಯಾದ ಮೇಲೆ ಆ ಕಡೆ ಹೋಗಿರಲಿಲ್ಲ.

ಅಂಗಡಿಯ ಶೆಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಚರ್ಚಿನವ್ರು. ನಿಮಗ ಸಿಂಧೂರ ಯಾಕ ಬೇಕ್ರಿ?"

"ಗಾಡಿಗಿರಿ."

"ಗಾಡಿ ಪೂಜಾ ಶುರು ಮಾಡೀರೇನು ನಿಮ್ಮ ಕಡಿ?"

"ಪೂಜಾ ಅಲ್ರಿ. ಒಳಗಿನ ಹಲ್ಲಿಗಿ ಹಚ್ತಾರ."

ಅವರಿಗೆ ಆಗ ತಿಳಿಯಿತು. ನಗು ನಿಂತಿತು. ತಕ್ಕಡಿ ಕೆಳಗಿಟ್ಟು, ಡಬ್ಬಿಯಿಂದ ಕೈತುಂಬ ತೆಗೆದು ಕಾಗದದಲ್ಲಿ ಸುತ್ತಿದರು.

"ಮಿಸ್ತ್ರಿ ಯಾಕ ಬರ್ಲಿಲ್ಲ?"

"ಹೆದರಿಕಿ ಇರಬೇಕ್ರಿ."

"ಅವಗ ನನ್ನ ಹೆದರಿಕಿ. ನನಗ ಅವನ ಮಾರಿ ನೋಡೋ ಹೆದರಿಕಿ," ಎಂದರು ಶೆಟ್ಟರು. ಪೊಟ್ಟಣ ನನ್ನ ಕೈಗೆ ಕೊಟ್ಟ ಮೇಲೆ ಮೆಲ್ಲಗೆ ಕೇಳಿದರು. "ತಮ್ಮ ಬಂದನೇನ್ರಿ?"

"ಇಲ್ರಿ."

ನಾನು ತಿರುಗಿ ಬಂದಾಗ ತಾಯಿ ಗೇಟಿನ ಬಳಿಯಿಂದ ಎದ್ದು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಮಗ ಹೊಸ ಜೋಡಿಯನ್ನು ಹೊರತೆಗೆದು ಗೋಣಿಯ ಮೇಲೆ ಇಟ್ಟಿದ್ದರು. ಅವರವರೊಳಗೆ ದಖನಿಯಲ್ಲೇ ಮಾತು. ಮೊದಲಿನಂತೆ ಇದನ್ನೂ ನನಗೆ ನೆನಪಿರುವಷ್ಟು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಏನ್ ಬಿಚ್ಚಲಕತ್ತೀ?"

"ಹಿಂದಿಂದು ಅಮ್ಮೀ."

"ಮುಂದಿಂದು ಬಂತೇನು?"

"ಇಲ್ಲ."

"ಮತ್ಯಾಕ ಬಿಚ್ಚಿದಿ?"

ಮಿಸ್ತ್ರಿ ಗಾಡಿಯ ಕೆಳಗಿನಿಂದ ಹೊರಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದರು. "ಅಂವ ತಂದ್ರ ಮತ್ತ ಬಿಚ್ತೇನಿ ಅಮ್ಮೀ. ಎಷ್ಟು ಸಲ ಬೇಕಾದ್ರೂ ಬಿಚ್ತೇನಿ. ನನಗ ಬಿಚ್ಚಲಿಕ್ಕಿ ಬ್ಯಾಸರ ಇಲ್ಲ."

ತಾಯಿ ಗೋಡೆ ಹಿಡಿದುಕೊಂಡು ಕುಳಿತರು. ಅಳಲಿಲ್ಲ. ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು, ಡಬ್ಬಿಯ ಮುಚ್ಚಳವೊಂದರಲ್ಲಿ ಹಾಕಿ, ಎಣ್ಣೆ ಬಿಟ್ಟು ತಾವೇ ಬೆರಳಿನಿಂದ ಕಲಸಿದರು. ಗಾಡಿಯ ಕೆಳಗೆ ಸರಿಸಿ, "ನಡುಕ್ಕ ಬೀಳ್ತದೇನು ನೋಡು. ನಿನ್ನ ಕಣ್ಣು ಅಷ್ಟಕ್ಕಷ್ಟೇ," ಎಂದರು. ಮಧ್ಯಾಹ್ನ ಮಿಸ್ತ್ರಿ ನನ್ನನ್ನು ಕರೆದು ತೋರಿಸಿದರು. ನಾನು ಬಗ್ಗಿ ನೋಡಿ, ನಡುವೆ ಬಿದ್ದಿದೆ ಎಂದೆ. ನಿಜವಾಗಿಯೂ ಬಿದ್ದಿತ್ತು. ಆದರೂ ಅವರು ಒಮ್ಮೆ ಬಿಚ್ಚಿ ಮತ್ತೆ ಕೂಡಿಸಿದರು.

ಆಮೇಲಿನ ವರ್ಷಗಳಲ್ಲಿ ಆ ಗಾಡಿ ಬುಸುಗುಟ್ಟುತ್ತಲೇ ಔರಾದದ ರಸ್ತೆಯಲ್ಲಿ ಬಹಳ ಹೆಣ್ಣುಮಕ್ಕಳನ್ನು ತಂದಿತು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿಗೆ ಗಾಡಿ ಸವೆದು ಹೋಗಿತ್ತು, ಡಾಕ್ಟರಮ್ಮ ತಮ್ಮ ಊರಿಗೆ ಹೋಗಿದ್ದರು, ತಾಯಿ ತೀರಿಕೊಂಡಿದ್ದರು. ಮಿಸ್ತ್ರಿ ಚಿದ್ರಿಯಲ್ಲಿ ಸ್ವಂತ ಕೆಲಸ ಹಚ್ಚಿದರು. ಅವರದೊಂದು ನಿಯಮವಿತ್ತು. ಯಾವ ಗಾಡಿ ಬಂದರೂ, ಹಾಕಬೇಕಾದ ಸಾಮಾನೆಲ್ಲ ಮೇಜಿನ ಮೇಲೆ ಬರುವ ತನಕ ಒಂದು ಬೋಲ್ಟನ್ನೂ ಸಡಿಲಿಸುತ್ತಿರಲಿಲ್ಲ. ಡ್ರೈವರುಗಳು ಚೇಷ್ಟೆ ಮಾಡುತ್ತಿದ್ದರು. "ಚಾಚಾ, ಸಾಮಾನು ದಾರ್ಯಾಗದ, ನೀವು ಬಿಚ್ಚಿ ಇಡ್ರಿ, ಅಷ್ಟರಾಗ ಬರ್ತದ." ಚಾಚಾ ಬೀಡಿ ಹಚ್ಚಿ, "ಬರ್ಲಿ. ಬಂದ್ಮ್ಯಾಲ ಬಿಚ್ತೇನಿ," ಎನ್ನುತ್ತಿದ್ದರು. ಎಷ್ಟು ಅವಸರಪಡಿಸಿದರೂ ಅಷ್ಟೆ.

ಇನ್ನೊಂದು ಅಭ್ಯಾಸ. ಔರಾದದ ಕಡೆಗೆ ಯಾವ ಕೆಲಸಕ್ಕೆ ಹೋದರೂ, ಭಾಲ್ಕಿ ಕಡೆಯ ಬಂಡಿದಾರಿ ಬಂದು ಕೂಡುವಲ್ಲಿ ಇಳಿಯುತ್ತಿದ್ದರು. ಅಲ್ಲಿ ಹೊಲದಲ್ಲಿ ಯಾರಿದ್ದರೂ, ಮುದುಕರಿದ್ದರೆ ಮುಖ್ಯವಾಗಿ, ಹತ್ತಿರ ಹೋಗಿ ಕುಳಿತು ಮಳೆ ಬೆಳೆ ಕೇಳಿ, ಕೊನೆಗೆ ಕೇಳುತ್ತಿದ್ದರು: ಗಡಬಡಿಯ ಕಾಲಕ್ಕೆ ಬಂಡಿಯಲ್ಲಿ ಭಾರದ ಗಂಟು ಇಟ್ಟುಕೊಂಡು ಬಂದ ಹುಡುಗನನ್ನು ಕಂಡಿರೇ ಎಂದು. ಕೆಲವರು ಇಲ್ಲ ಎನ್ನುತ್ತಿದ್ದರು. ಕೆಲವರು ನೆಲ ನೋಡುತ್ತಿದ್ದರು. ನೆಲ ನೋಡಿದವರನ್ನು ಅವರು ಒತ್ತಾಯಿಸಿ ಕೇಳಿದ್ದನ್ನು ನಾನು ಕಾಣಲಿಲ್ಲ. "ಅವ್ರಿಗಿ ಹೇಳ್ಬೇಕನ್ನಿಸಿದ್ರ ಹೇಳ್ತಾರ. ನಾ ಈ ಕಡಿ ಬರ್ತಾ ಇರ್ತೇನಲ್ಲ," ಎನ್ನುತ್ತಿದ್ದರು.

ಕೊನೆಯ ಸಲ ನಾನು ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ಮೀಸೆ ಪೂರಾ ಬೆಳ್ಳಗಾಗಿತ್ತು. ನಾನು ನಾಡಿ ಹಿಡಿದು ಕುಳಿತೆ. ನಿವೃತ್ತಳಾದರೂ ಕೈಗೆ ಅದೇ ಅಭ್ಯಾಸ.

"ಹ್ಯಾಂಗ ಓಡ್ಲಕತ್ತದ ಬಾಯೋರೆ?"

"ಸಾವಕಾಶ ಅದರಿ ಮಿಸ್ತ್ರಿ."

"ಸಾವಕಾಶ ಛಲೋ," ಎಂದರು. ಆಮೇಲೆ, "ಈ ವರ್ಷ ಔರಾದ ಕಡಿ ಹೋಗ್ಲಿಕ್ಕಾಗ್ಲಿಲ್ಲ," ಎಂದರು.

ಅವರ ಮಣ್ಣಿಗೆ ಹೋಗಿ ಬಂದ ಮೇಲೆ ಒಂದು ದಿನ ನಾನು ಔರಾದದ ಬಸ್ಸು ಹತ್ತಿದೆ. ಆ ದಾರಿ ಕೂಡುವಲ್ಲಿ ಈಗ ಡಾಂಬರು ಹಾಕಿದ್ದಾರೆ. ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಕಂಡಕ್ಟರನಿಗೆ ಹೇಳಿ ಇಳಿದೆ. ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದವರು ನನ್ನ ಮಗನ ವಯಸ್ಸಿನವರು. ಅವರನ್ನು ಏನೆಂದು ಕೇಳಲಿ? ಅವರು ಆಗ ಹುಟ್ಟಿರಲಿಲ್ಲ. ಕುಡಿಯಲು ನೀರು ಕೇಳಿದೆ, ಕೊಟ್ಟರು. ಮುಂದಿನ ಬಸ್ಸಿಗೆ ತಿರುಗಿ ಬಂದೆ.

ಆ ಬಂಡಿ ಯಾರದು, ಆ ಹುಡುಗ ಎಲ್ಲಿಯವರೆಗೆ ಬಂದ, ಅವನನ್ನು ಯಾರಾದರೂ ಮಣ್ಣು ಮಾಡಿದರೇ, ಮಾಡಿದ್ದರೆ ಎಲ್ಲಿ, ಇದರಲ್ಲಿ ಒಂದೂ ಇನ್ನೂ ಗೊತ್ತಾಗಿಲ್ಲ. ಈಗ ಕೇಳುತ್ತಿದ್ದವರೂ ಇಲ್ಲ.